ಆರು ಬಾಗಿಲ ನೀರು

ಸೊಣ್ಣಮ್ಮ ದಿನಾ ಬೆಳಿಗ್ಗೆ ಐದೂವರೆಗೆ ಪೈಪಿಗೆ ಮೂರು ಏಟು ಹಾಕುತ್ತಿದ್ದಳು.

ಕಬ್ಬಿಣದ ಪೈಪು. ಅಂಗಳದ ಸಂಪಿನ ಪಕ್ಕದ ಮೋಟಾರಿನಿಂದ ಎದ್ದು, ಗೋಡೆ ಹಿಡಿದು ಹಿಂದಕ್ಕೆ ಹೋಗಿ, ಸಾಲಾಗಿ ನಿಂತ ಆರು ಬಾಡಿಗೆ ಮನೆಗಳ ಮುಂದೆ ಒಂದೊಂದು ನಲ್ಲಿ ಬಿಟ್ಟು ಮುಗಿಯುತ್ತಿತ್ತು. ಹೊಡೆಯುತ್ತಿದ್ದದ್ದು ಗಂಡನ ಪಾನದಿಂದ, ಅಂದರೆ ಸ್ಪ್ಯಾನರಿನಿಂದ. ದೊಡ್ಡಮುನಿಯಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ. ಅವನು ಸತ್ತು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಆ ಪಾನ ಒಂದು ನಟ್ಟನ್ನೂ ಬಿಚ್ಚಿರಲಿಲ್ಲ. ಪೈಪಿಗೆ ಹೊಡೆದರೆ ಸದ್ದು ಆರೂ ಬಾಗಿಲಿಗೆ ಒಟ್ಟಿಗೆ ಮುಟ್ಟುತ್ತಿತ್ತು. ಆಮೇಲೆ ಸೊಣ್ಣಮ್ಮ ಮೋಟಾರು ಹಾಕುತ್ತಿದ್ದಳು. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಬಾಗಿಲು ತೆಗೆದು ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಎಲ್ಲರೂ ಹೊರಗೆ ಬರುತ್ತಿದ್ದರು.

"ಲೇ ಕೊಟ್ರಪ್ಪ, ಎರಡೇ ಡ್ರಮ್ಮು. ಮೂರನೇದು ಇಟ್ಟೆ ಅಂದ್ರೆ ಮೋಟ್ರು ಆರಿಸ್ಬುಡ್ತೀನಿ."

"ಮೂರನೇದು ತೊಳ್ಯಾಕ ತಂದೀನ್ರಿ ಅಮ್ಮಾರ."

"ತೊಳ್ಯಾಕೂ ನೀರೇ ಬೇಕಲ್ಲೋ, ಬುದ್ವಂತ!"

ಕೊಟ್ರಪ್ಪ ಬಳ್ಳಾರಿ ಕಡೆಯವನು, ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಶೆಡ್ಡಿನಲ್ಲಿ ಕೆಲಸ. ಹೆಂಡತಿ ನೀಲಾಂಬಿಕಾಳ ಹೆಗಲ ಮೇಲೆ ಮೂರು ತಿಂಗಳ ಕೂಸು ಇರುತ್ತಿತ್ತು. ಕೂಸು ರಾತ್ರಿ ಅತ್ತದ್ದು, ಅವಳ ಅತ್ತೆ ಊರಿನಿಂದ ಫೋನು ಮಾಡಿ ಬೈದದ್ದು, ಗಂಡ ಚಪಾತಿಗೆ ಮುಖ ತಿರುಗಿಸಿದ್ದು, ಎಲ್ಲ ಕೊಡ ತುಂಬುವಷ್ಟರಲ್ಲಿ ಸೊಣ್ಣಮ್ಮನಿಗೆ ಗೊತ್ತಾಗುತ್ತಿತ್ತು. "ಓಂಕಾಳು ಕುದ್ಸಿ ಒಂದ್ ಒಳಲೆ ಕುಡ್ಸಮ್ಮಿ" ಎಂದು ಹೇಳಿ, ಸಂಜೆ ನೀರು ಬಿಡುವಾಗ ಕುಡಿಸಿದೆಯಾ ಎಂದು ಕೇಳುತ್ತಿದ್ದಳು.

ಬೀದಿಯ ನೀರು ಬರುತ್ತಿದ್ದದ್ದು ಸೋಮವಾರ, ಬುಧವಾರ, ಶನಿವಾರ. ರಸ್ತೆಯ ವಾಲ್ವು ತಿರುಗಿಸುವ ಹನುಮಂತರಾಯಪ್ಪ ಟಿವಿಎಸ್ ನಿಲ್ಲಿಸಿ, "ಅಕ್ಕಾ, ಬಿಟ್ಟಿದೀನಿ" ಎಂದು ಕೂಗುತ್ತಿದ್ದ. ಸೊಣ್ಣಮ್ಮ ಮೀಟರಿನ ಪಕ್ಕದ ವಾಲ್ವು ತೆಗೆದು ಸಂಪು ತುಂಬಿಸಿಕೊಳ್ಳುತ್ತಿದ್ದಳು. ಅವನಿಗೆ ಒಂದು ಲೋಟ ಕಾಫಿ. ಈ ಕೆಲಸಕ್ಕೆ ಅವಳು ಒಂದು ದಿನವೂ ರಜೆ ಹಾಕಿದವಳಲ್ಲ. ತಮ್ಮನ ಮಗಳ ಮದುವೆಗೂ ಬೆಳಗಿನ ನೀರು ಬಿಟ್ಟು ಹೋಗಿ, ಸಂಜೆಯ ನೀರಿಗೆ ವಾಪಸು ಬಂದಿದ್ದಳು.

ಏಪ್ರಿಲ್ ಮೊದಲ ಭಾನುವಾರ ಮನೆ ನೋಡಲು ಒಂದು ಗಂಡ ಹೆಂಡತಿ ಬಂದರು. ಆರು ಮನೆಗಳಲ್ಲಿ ಎರಡಕ್ಕೆ ಮೂರು ತಿಂಗಳಿಂದ ಬೀಗವಿತ್ತು. ಹುಡುಗಿ ಮನೆ ನೋಡುವ ಮೊದಲೇ ನೀರು ಯಾವಾಗ ಎಂದು ಕೇಳಿದಳು. ಸೊಣ್ಣಮ್ಮ ಹೆಮ್ಮೆಯಿಂದಲೇ ಹೇಳಿದಳು. ಅವರು ಚಪ್ಪಲಿ ಬಿಡಲೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು. ಮಗ ಮುನೀಂದ್ರ ಮುದ್ದೆ ಮುರಿಯುತ್ತಾ ಕೇಳಿದ.

"ಬಂದೋರು ಯಾಕೆ ವಾಪಸ್ ಹೋದ್ರು ಗೊತ್ತಾ ಅಮ್ಮ?"

"ಬಾಡಿಗೆ ಜಾಸ್ತಿ ಅಂದಿರ್ತಾರೆ."

"ಬಾಡಿಗೆ ಕೇಳೇ ಇಲ್ಲ. ನೀನು ಅರ್ಧ ಗಂಟೆ ನೀರು ಅಂದೆಯಂತೆ."

"ಇರಾದು ಏಳ್ದೆ. ಸುಳ್ಳು ಏಳಾದಾ?"

ಸೊಸೆ ಶಶಿಕಲಾ ಸಾರು ಬಡಿಸುತ್ತಿದ್ದಳು. ವಾರದಲ್ಲಿ ಆರು ದಿನ ನಾಗಸಂದ್ರ ಮೆಟ್ರೋ ಹತ್ತಿರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು. ಭಾನುವಾರ ಮಾತ್ರ ಬಡಿಸಲು ಸಿಗುತ್ತಿದ್ದಳು. "ಅತ್ತೆ, ಈಗ ನಲ್ಲಿ ತಿರುಗಿಸಿದ್ರೆ ನೀರು ಬರಬೇಕು. ಕೊಡ ಹಿಡ್ಕೊಂಡು ಸಾಲು ನಿಲ್ಲೋಕೆ ಯಾರು ಬರ್ತಾರೆ?"

"ನಿಂತವ್ರಲ್ಲ ನಾಕು ಮನೆಯೋರು."

"ಬೇರೆ ಕಡೆ ಸಿಗೋವರೆಗೂ ನಿಲ್ತಾರೆ."

ಮೊಮ್ಮಗಳು ವೇಣಿ ಬಿ.ಕಾಂ. ಓದುತ್ತಿದ್ದಳು. ಒಂದು ಕಿವಿಯ ಇಯರ್‌ಫೋನು ತೆಗೆದು, "ನಮ್ಮನೇಲಿ ಯಾರೂ ಅಲಾರಂ ಇಡೋ ಹಾಗಿಲ್ಲ. ಐದೂವರೆಗೆ ಟಣ್ ಟಣ್ ಟಣ್" ಎಂದಳು.

"ಅದುಕ್ಕೇ ಪರೀಕ್ಷೆ ಪಾಸಾಗಿರೋದು ನೀನು."

"ಅದಕ್ಕೇ ಅಜ್ಜಿ, ನಾನು ಕ್ಲಾಸಲ್ಲಿ ನಿದ್ದೆ ಮಾಡೋದು."

ಎಲ್ಲರೂ ನಕ್ಕರು, ಸೊಣ್ಣಮ್ಮನೂ ನಕ್ಕಳು. ಮುನೀಂದ್ರ ನಗುತ್ತಲೇ ತೀರ್ಮಾನ ಹೇಳಿಬಿಟ್ಟ. ಮಹಡಿ ಮೇಲೆ ಎರಡು ಸಿಂಟೆಕ್ಸ್ ಟ್ಯಾಂಕು. ಮನೆಗಳ ಒಳಗೆ ನಲ್ಲಿ. ಟ್ಯಾಂಕು ಖಾಲಿಯಾದರೆ ಮೋಟಾರು ತಾನೇ ಹತ್ತಿಕೊಳ್ಳುತ್ತದೆ, ತುಂಬಿದರೆ ತಾನೇ ಆರುತ್ತದೆ. ಸಂಪಿಗೊಂದು ತೇಲುವ ಚೆಂಡು. ಬೀದಿ ನೀರು ಬಂದಾಗ ಒಳಗೆ ಬಿಟ್ಟುಕೊಂಡು, ತುಂಬಿದಾಗ ಅದೇ ಮುಚ್ಚುತ್ತದೆ.

"ಮೀಟ್ರು ತಾವಿನ ವಾಲ್ವು?"

"ಅದು ತೆಗೆದೇ ಇರುತ್ತೆ. ಯಾರೂ ಮುಟ್ಟೋದೇ ಬೇಡ."

"ಅಂಗಾದ್ರೆ ನಾನು?"

"ನೀನು ಆರಾಮಾಗಿ ಮಲಕ್ಕೋ. ಅರವತ್ತೆಂಟಾಯ್ತು."

ಸೊಣ್ಣಮ್ಮ ತಟ್ಟೆಯಲ್ಲೇ ಕೈ ತೊಳೆದಳು. ಅರ್ಧ ಮುದ್ದೆ ಹಾಗೇ ಇತ್ತು.

ಕೆಲಸಕ್ಕೆ ಬಂದವನು ಪಕ್ಕದ ಬೀದಿಯ ಪ್ಲಂಬರ್ ಯಮನಪ್ಪ, ಬಾಗಲಕೋಟೆ ಕಡೆಯವನು. ನಾಲ್ಕು ದಿನ ಬಗ್ಗಿ ಎದ್ದು ಒಬ್ಬನೇ ಮಾಡಿದ. ಮೂರನೆಯ ದಿನ ಕಬ್ಬಿಣದ ಪೈಪು ಕೊಯ್ದು ಕೆಳಗಿಳಿಸಿದ. ಸೊಣ್ಣಮ್ಮ ಅವನಿಗೆ ಮಜ್ಜಿಗೆ ಕೊಟ್ಟು ನಿಂತುಕೊಂಡಳು.

"ಒಂದು ತುಂಡು ಇಟ್ಟೋಗಪ್ಪ."

"ತುಕ್ಕು ಹಿಡದೈತಲ್ರಿ ಅಮ್ಮಾ. ಏನ್ಮಾಡ್ತೀರಿ?"

"ಬಾಗ್ಲಿಗೆ ಅಡ್ಡ ಕೊಡಾಕೆ."

ಯಮನಪ್ಪ ತೋಳುದ್ದದ ತುಂಡು ಕೊಯ್ದ. ಎರಡೂ ತುದಿ ಅರದಿಂದ ಉಜ್ಜಿ, ಹೆಬ್ಬೆರಳು ಆಡಿಸಿ ನೋಡಿ, "ಈಗ ಕೈಗೆ ಚುಚ್ಚಂಗಿಲ್ಲ" ಎಂದು ಕೊಟ್ಟ. ಸೊಣ್ಣಮ್ಮ ಅದನ್ನು ಮಂಚದ ಕೆಳಗೆ, ಪಾನದ ಪಕ್ಕ ಇಟ್ಟಳು.

ಖಾಲಿ ಮನೆಗಳು ಹತ್ತೇ ದಿನದಲ್ಲಿ ತುಂಬಿದವು. ಒಂದಕ್ಕೆ ಪಾರ್ಸೆಲ್ ಹಂಚುವ ಇಬ್ಬರು ಅಣ್ಣತಮ್ಮಂದಿರು, ಇನ್ನೊಂದಕ್ಕೆ ಗಾರ್ಮೆಂಟ್ಸಿಗೆ ಹೋಗುವ ತಾಯಿ ಮಗಳು. ಮುನೀಂದ್ರ ಪೇಡಾ ತಂದ. ಆರೂ ಮನೆಯಲ್ಲಿ ಜನವಿದ್ದರು, ಆರೂ ಬಾಗಿಲು ಮುಚ್ಚಿರುತ್ತಿದ್ದವು.

ಸೊಣ್ಣಮ್ಮನಿಗೆ ಎಚ್ಚರ ಮಾತ್ರ ಹಳೇ ಹೊತ್ತಿಗೇ ಆಗುತ್ತಿತ್ತು. ಒಂದು ಬೆಳಿಗ್ಗೆ ಪಾನ ತಂದು ಹೊಸ ಪ್ಲಾಸ್ಟಿಕ್ ಪೈಪಿಗೆ ಒಂದು ಏಟು ಹಾಕಿ ನೋಡಿದಳು. ರಟ್ಟಿನ ಡಬ್ಬಕ್ಕೆ ಹೊಡೆದ ಹಾಗೆ ಕೇಳಿಸಿತು. ಸಂಪಿನ ಮುಚ್ಚಳದ ಮೇಲೆ ಕೂತಳು. ಮಹಡಿಯ ಮೇಲೆ ಟ್ಯಾಂಕಿಗೆ ನೀರು ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಹನುಮಂತರಾಯಪ್ಪ ವಾಲ್ವು ತಿರುಗಿಸಿ ನಿಲ್ಲದೆ ಹೋಗತೊಡಗಿದ. ಒಂದು ಬುಧವಾರ ಅವಳೇ ಗೇಟಿಗೆ ಬಂದು ಕರೆದಳು.

"ಕಾಫಿ ಆಗೈತೆ ಬಾರಪ್ಪ."

"ಇವತ್ತು ಬೇಡಕ್ಕಾ, ಇನ್ನೂ ಒಂಬತ್ತು ರಸ್ತೆ ಇದೆ. ನಿಮ್ದು ಆಟೋಮ್ಯಾಟಿಕ್ ಆಯ್ತಲ್ಲ, ಯೋಚ್ನೆ ಇಲ್ಲ ಬಿಡಿ."

ಎಂಟು ಗಂಟೆಗೆ ಶಶಿಕಲಾ, ಒಂಬತ್ತಕ್ಕೆ ವೇಣಿ ಹೊರಡುತ್ತಿದ್ದರು. ಮುನೀಂದ್ರನ ಶಿಫ್ಟು ವಾರಕ್ಕೊಮ್ಮೆ ಬದಲಾಗುತ್ತಿತ್ತು. ಮನೆಯಲ್ಲಿದ್ದರೆ ನಿದ್ದೆ, ಇಲ್ಲದಿದ್ದರೆ ಮಷೀನು. ಒಬ್ಬಳಿಗೆ ಅಂತ ಮುದ್ದೆ ತೊಳಸಲು ಬರುವುದಿಲ್ಲ. ಎಸರು ಎಷ್ಟು ಕಡಿಮೆ ಇಟ್ಟರೂ ಎರಡಾಗುತ್ತಿತ್ತು. ಮಧ್ಯಾಹ್ನ ಒಂದು ಉಣ್ಣುವಳು, ಮಿಕ್ಕಿದ್ದನ್ನು ರಾತ್ರಿ ಮಜ್ಜಿಗೆಗೆ ಕಿವುಚಿಕೊಳ್ಳುವಳು. ಊಟವಾದ ಮೇಲೆ ಹಿಂದಕ್ಕೆ ಹೋಗಿ ನೀಲಾಂಬಿಕಾಳ ಬಾಗಿಲು ಬಡಿಯುವಳು.

"ನೀರು ಬತ್ತಾ ಐತೇನಮ್ಮಿ?"

"ಬರಾಕತ್ತೈತ್ರಿ ಅಮ್ಮಾರ."

"ಜೋರಾಗಿ ಬತ್ತದಾ?"

"ಹೂನ್ರಿ, ಜೋರ ಐತಿ."

ಮುಂದೆ ಕೇಳಲು ಏನೂ ಇರುತ್ತಿರಲಿಲ್ಲ. ಇದು ದಿನಕ್ಕೆ ಎರಡು ಸಲವಾಯಿತು, ಮೂರು ಸಲವಾಯಿತು. ತಾಯಿ ಮಗಳ ಮನೆಗೂ ಹೋಗಿ ಕೇಳಿದಳು. ಪಾರ್ಸೆಲ್ ಹುಡುಗರಲ್ಲಿ ಒಬ್ಬ ಬಾಗಿಲು ತೆಗೆಯದೆ ಒಳಗಿನಿಂದಲೇ, "ಬರ್ತಾ ಇದೆ ಆಂಟಿ!" ಎಂದು ಕಿರುಚಿದ.

ತಿಂಗಳ ಕೊನೆಯ ಒಂದು ಸಂಜೆ ಮುನೀಂದ್ರ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅಮ್ಮ, ನೀನು ಯಾಕೆ ಎಲ್ಲರ ಬಾಗ್ಲು ಬಡೀತೀಯ?"

"ಯಾರಂದ್ರು?"

"ಕೊಟ್ರಪ್ಪ ದಾರೀಲಿ ಸಿಕ್ಕಿದ್ದ. ರಾತ್ರಿ ಪಾಳಿ ಮಾಡಿ ಮಲಗಿರ್ತೀನಿ ಸಾರ್, ಆಗ್ಲೇ ಬಂದು ನೀರು ಬರ್ತಾ ಇದೆಯಾ ಅಂತಾರೆ, ಅಮ್ಮಾರಿಗೆ ಸ್ವಲ್ಪ ಹೇಳ್ರಿ ಅಂದ. ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ?"

"ಕೇಳಿದ್ರೆ ತಪ್ಪಾ? ನಮ್ಮ ಮನೆ, ನಮ್ಮ ನೀರು."

"ಬರ್ತಾ ಇರೋ ನೀರು ಬರ್ತಾ ಇದೆಯಾ ಅಂತ ಯಾರು ಕೇಳ್ತಾರಮ್ಮ?"

ಶಶಿಕಲಾ ಅಡುಗೆಮನೆಯಿಂದ, "ಟೀವಿ ನೋಡಿ ಅತ್ತೆ. ಇಲ್ಲ ದೇವಸ್ಥಾನಕ್ಕೆ ಹೋಗಿ ಬನ್ನಿ. ನನಗೆ ಒಂದು ದಿನ ಹಿಂಗೆ ಸುಮ್ನೆ ಕೂರೋಕೆ ಸಿಕ್ಕಿದ್ರೆ ಸಾಕು ಅಂತೀನಿ" ಎಂದಳು.

"ಕೂತ್ಕೊಂಡು ನೋಡಮ್ಮಿ ಒಂದಿನ. ಆಮ್ಯಾಕೆ ಏಳು."

ಆ ಶನಿವಾರ, ಭಾನುವಾರ ಸೊಣ್ಣಮ್ಮ ಯಾರ ಬಾಗಿಲನ್ನೂ ಬಡಿಯಲಿಲ್ಲ. ಸೋಮವಾರ ಬೆಳಿಗ್ಗೆ, ಹನುಮಂತರಾಯಪ್ಪ ಬರುವ ಮೊದಲು, ಮೀಟರಿನ ಗುಂಡಿಗೆ ಕೈ ಹಾಕಿ ವಾಲ್ವು ಬಿಗಿಯಾಗಿ ಮುಚ್ಚಿದಳು. ಬೀದಿಯಲ್ಲಿ ಎರಡು ಗಂಟೆ ನೀರು ಬಂತು, ಅವರ ಸಂಪಿಗೆ ಒಂದು ಹನಿಯೂ ಬರಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು. ಮಂಗಳವಾರ ಸಂಜೆಗೆ ಟ್ಯಾಂಕು ಬರಿದಾಗುತ್ತದೆ. ಸಂಪಿನ ತಳದ ಒಂದಡಿ ನೀರನ್ನು ಮೋಟಾರು ಎತ್ತುವುದಿಲ್ಲ. ಅದನ್ನು ಹಗ್ಗ ಬಕೆಟ್ಟಿನಿಂದ ಸೇದಿ ತಾನು ಎಲ್ಲರಿಗೂ ಕೊಡುವುದು. ಬುಧವಾರ ಬೆಳಿಗ್ಗೆ ವಾಲ್ವು ತೆಗೆದರೆ ಸಂಪು ತುಂಬುತ್ತದೆ. ಒಂದು ಸಂಜೆ. ಅಷ್ಟೇ.

ಮಂಗಳವಾರ ಸಂಜೆ ಲೆಕ್ಕದಂತೆಯೇ ನಡೆಯಿತು. ಐದು ಗಂಟೆಗೆ ನಲ್ಲಿಗಳು ಕೆಮ್ಮಿ ನಿಂತವು. ಸೊಣ್ಣಮ್ಮ ಪೈಪಿನ ತುಂಡನ್ನು ಬಟ್ಟೆ ಒಣಗಿಸುವ ತಂತಿಗೆ ತೂಗುಹಾಕಿ ಪಾನದಿಂದ ಮೂರು ಏಟು ಹಾಕಿದಳು. ಬಾಗಿಲುಗಳು ತೆರೆದವು.

"ಏನಾತ್ರಿ ಅಮ್ಮಾರ?"

"ಅದೇನೋ ಆಟೋಮೆಟಿಕ್ಕು ಅಂತೆ, ಕೈ ಕೊಡ್ತು. ಕೊಡ ತನ್ನಿ, ನಾನಿಲ್ವಾ!"

ಸೀರೆ ಎತ್ತಿ ಕಟ್ಟಿ ಅವಳು ಸೇದಿದಳು. ಪಾರ್ಸೆಲ್ ಹುಡುಗರು ಕೊಡವಿಲ್ಲದೆ ಕುಕ್ಕರು, ಪಾತ್ರೆ ಹಿಡಿದು ಬಂದಾಗ ಎಲ್ಲರೂ ನಕ್ಕರು. "ಇದ್ರಾಗ ಅನ್ನಾನೂ ಹಾಕಿ ಕೊಡ್ಲೇನು ಕೇಳ್ರಿ ಅಮ್ಮಾರ" ಎಂದಳು ನೀಲಾಂಬಿಕಾ. ಗಾರ್ಮೆಂಟ್ಸಿನ ತಾಯಿಗೆ ಮಧುಗಿರಿಯ ಹತ್ತಿರ ಊರು ಎಂದು ಸೊಣ್ಣಮ್ಮನಿಗೆ ಆಗಲೇ ಗೊತ್ತಾದದ್ದು. ಕೂಸು ಬೋರಲು ಬೀಳಲು ಕಲಿತಿತ್ತು. ಯಾರೂ ತನಗೆ ಹೇಳಿರಲಿಲ್ಲ ಎಂದು ಅವಳು ನೀಲಾಂಬಿಕಾಳನ್ನು ಬೈದಳು. ರಾತ್ರಿ ಎರಡು ಮುದ್ದೆ ಉಂಡಳು.

ಬುಧವಾರ ಕತ್ತಲಿರುವಾಗಲೇ ವಾಲ್ವು ಪೂರ್ತಿ ತೆಗೆದು ಗೇಟಿನಲ್ಲಿ ನಿಂತಳು. ಆರೂವರೆಯಾಯಿತು, ಏಳಾಯಿತು. ಹನುಮಂತರಾಯಪ್ಪ ಬರಲಿಲ್ಲ. ಎಂಟಕ್ಕೆ ಅವಳೇ ಫೋನು ಮಾಡಿದಳು.

"ಇವತ್ತಿಲ್ಲಕ್ಕಾ. ಮೇನ್ ಲೈನು ಒಡೆದೋಗಿದೆ. ಇನ್ನು ಶನಿವಾರಾನೇ. ಸೋಮವಾರ ತುಂಬ್ಕೊಂಡಿದೀರಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ."

ಸೊಣ್ಣಮ್ಮ ಫೋನು ಇಟ್ಟು ಸಂಪಿನ ಮುಚ್ಚಳ ಎತ್ತಿ ನೋಡಿದಳು.

ಮಧ್ಯಾಹ್ನಕ್ಕೆ ಸಂಪಿನ ತಳ ಕಂಡಿತು. ನೀಲಾಂಬಿಕಾ ಕೂಸಿನ ಬಟ್ಟೆಗಳನ್ನು ಒಗೆಯದೆ ಮೂಲೆಗೆ ಹಾಕಿದಳು. ಪಾರ್ಸೆಲ್ ಹುಡುಗರು ಕ್ಯಾನ್ ನೀರಿನಲ್ಲಿ ಮುಖ ತೊಳೆದು ಕೆಲಸಕ್ಕೆ ಹೋದರು. "ಇಪ್ಪತ್ನಾಲ್ಕು ಗಂಟೆ ನೀರು ಅಂತ ಹೇಳಿ ಕರ್ಕೊಂಡ್ರು" ಎಂದು ಗಾರ್ಮೆಂಟ್ಸಿನ ತಾಯಿ ಎಲ್ಲರಿಗೂ ಕೇಳುವಂತೆ ಅಂದಳು. ಶಶಿಕಲಾ ಮನೆಗೆ ಬಂದವಳು ಸಿಂಕಿನಲ್ಲಿ ಬೆಟ್ಟದಂತೆ ಬಿದ್ದ ಪಾತ್ರೆ ನೋಡಿ, ಬ್ಯಾಗು ಇಟ್ಟು, ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟಳು. ವೇಣಿ ಮಾತ್ರ, "ಅಜ್ಜಿ, ಯಾಕೆ ಊಟ ಮಾಡಿಲ್ಲ?" ಎಂದು ಕೇಳಿದಳು.

"ಅಸಿವಿಲ್ಲ ಓಗು."

ಗುರುವಾರ ಬೆಳಿಗ್ಗೆ ಮುನೀಂದ್ರ ಯಮನಪ್ಪನನ್ನು ಕರೆಸಿದ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಸೋಮವಾರ ಸಂಪು ತುಂಬಿದೆ, ನಮ್ಮದು ಮಾತ್ರ ಯಾಕೆ ತುಂಬಿಲ್ಲ? ಯಮನಪ್ಪ ಸಂಪಿಗೆ ಇಳಿದು ತೇಲುಚೆಂಡು ಬಿಚ್ಚಿದ, ಊದಿದ, ಕಟ್ಟಿದ. ಮತ್ತೆ ಬಿಚ್ಚಿದ. ಮೀಟರಿನ ವಾಲ್ವು ನೋಡಿದ. ಅದು ತೆಗೆದೇ ಇತ್ತು. ಬಾಡಿಗೆಯವರೆಲ್ಲ ಸುತ್ತ ನಿಂತಿದ್ದರು.

"ಎಲ್ಲಾ ಸರಿ ಐತ್ರಿ ಸಾರ್."

"ಸರಿ ಇದ್ರೆ ನೀರು ಎಲ್ಲಿ ಹೋಯ್ತು? ಆಕಾಶಕ್ಕೆ ಹೋಯ್ತಾ?"

"ನನಗೂ ತಿಳೀವಲ್ದು. ಸೋಮವಾರ ಏನಾರ ಕಸ ಸಿಕ್ಕಿರಬಹುದ್ರಿ..."

"ಕಸ ನಿನ್ನ ಕೆಲಸ! ಅಗ್ಗದ ಚೆಂಡು ಹಾಕಿ ಹೋಗಿದೀಯ. ಇಷ್ಟು ಜನ ಎರಡು ದಿನದಿಂದ ಒದ್ದಾಡ್ತಾ ಇದಾರೆ. ಈ ಬೀದೀಲಿ ಇನ್ನು ಯಾರು ನಿನ್ನ ಕರೀತಾರೆ ನಾನೂ ನೋಡ್ತೀನಿ."

"ಸಾರ್, ಹಂಗ ಅನಬ್ಯಾಡ್ರಿ. ಹದಿನಾಕು ವರ್ಷ ಆತು ಈ ಕೆಲಸ ಮಾಡಾಕತ್ತು. ಒಬ್ರೂ ಬೆರಳು ತೋರ್ಸಿಲ್ರಿ."

"ಈಗ ತೋರಿಸ್ತಾ ಇದೀನಿ."

ಯಮನಪ್ಪ ಸಂಪಿನೊಳಗೆ ಎದೆಮಟ್ಟ ನಿಂತು ಮೇಲೆ ನೋಡುತ್ತಿದ್ದ. ಕೈಯಲ್ಲಿ ಚೆಂಡು ಇತ್ತು. ಅದನ್ನು ಮೂರನೇ ಸಲ ಬಿಚ್ಚತೊಡಗಿದ.

"ಅವನ್ನ ಬುಟ್ಬುಡ್ಲಾ" ಎಂದಳು ಸೊಣ್ಣಮ್ಮ.

"ನೀನು ಸುಮ್ನಿರಮ್ಮ."

"ನಾನೇ ಮುಚ್ಚಿದ್ದು. ಸೋಮವಾರ ನಾನೇ ವಾಲ್ವು ಮುಚ್ಚಿದ್ದು. ನಿನ್ನೆ ತೆಗೆದೆ."

ಮುನೀಂದ್ರನಿಗೆ ಮೊದಲು ಅರ್ಥವೇ ಆಗಲಿಲ್ಲ. "ಮರೆತು ಮುಚ್ಚಿದೆಯಾ?"

"ಮರೆತಲ್ಲ."

"ಮತ್ತೆ ಯಾಕೆ?"

ಸೊಣ್ಣಮ್ಮ ಹಿಂದಿನ ಮನೆಗಳ ಕಡೆ ಕೈ ತೋರಿಸಿದಳು. "ನಾನು ಹೊಡೆದ್ರೆ ಆರು ಬಾಗ್ಲೂ ತೆಗೀತಿದ್ರು ಕಣಪ್ಪ. ಈಗ ಯಾರೂ ಬರಾಕಿಲ್ಲ."

ಕೊಟ್ರಪ್ಪ ಕಹಿಯಾಗಿ ನಕ್ಕ. "ಅದಕ್ಕ ನಮ್ಮ ನೀರು ಬಂದ್ ಮಾಡಿದ್ರೇನ್ರಿ? ಕೂಸಿಗೆ ಎರಡು ದಿನದಿಂದ ಜಳಕ ಇಲ್ಲ."

ಯಮನಪ್ಪ ಸಂಪಿನಿಂದ ಮೇಲೆ ಬಂದ. ರೆಂಚು, ಅರ, ಗರಗಸ ಚೀಲಕ್ಕೆ ಹಾಕಿಕೊಂಡ. ಹೋಗುವಾಗ ಸೊಣ್ಣಮ್ಮನ ಮುಂದೆ ಒಂದು ಗಳಿಗೆ ನಿಂತು, "ನೀವಾರ ಹೇಳಿದ್ರಲ್ಲ" ಎಂದ. ಮುನೀಂದ್ರ ಅವನ ಹಿಂದೆ ಗೇಟಿನವರೆಗೂ ಹೋದ. ಯಮನಪ್ಪ ತಿರುಗಿ ನೋಡಲಿಲ್ಲ.

ಸಂಜೆ ಟ್ಯಾಂಕರ್ ಬಂದು ಸಂಪಿಗೆ ಅರ್ಧ ನೀರು ಸುರಿಯಿತು. ಶನಿವಾರದವರೆಗೆ ಅಷ್ಟೇ. ಟ್ಯಾಂಕಿಗೆ ಹತ್ತಿಸಿದರೆ ಒಂದೇ ದಿನಕ್ಕೆ ಮುಗಿದುಹೋಗುತ್ತದೆ. ಮುನೀಂದ್ರ ಮೋಟಾರಿನ ಸ್ವಿಚ್ಚು ಆರಿಸಿ, ಹಗ್ಗ ಬಕೆಟ್ಟು ತಂದು ತಾಯಿಯ ಮುಂದೆ ಇಟ್ಟ.

"ಮನೆಗೆ ಐದೈದು ಕೊಡ. ನೀನೇ ಹಂಚು. ನಿನಗೆ ಬೇಕಾಗಿದ್ದೂ ಇದೇ ಅಲ್ವಾ?"

ಶಶಿಕಲಾ, "ರೀ, ಸಾಕು" ಎಂದಳು.

ಸೊಣ್ಣಮ್ಮ ಪೈಪಿನ ತುಂಡು ಬಡಿಯಲಿಲ್ಲ. ಬಡಿಯುವ ಮೊದಲೇ ಅವರೆಲ್ಲ ಬಂದು ಸಾಲು ನಿಂತಿದ್ದರು. ಆರು ಮನೆ, ಮೂವತ್ತು ಕೊಡ. ಗುರುವಾರ, ಶುಕ್ರವಾರ ಅವಳು ಸೇದಿ ಸುರಿದಳು. ಹಗ್ಗಕ್ಕೆ ಅಂಗೈ ಕೆಂಪಾಯಿತು. ಕೊಡ ಮುಂದಿಡುತ್ತಿದ್ದರು, ತುಂಬಿದರೆ ಎತ್ತಿಕೊಳ್ಳುತ್ತಿದ್ದರು. "ಮಗಾ ಮಲಗೈತಾ?" ಎಂದು ಸೊಣ್ಣಮ್ಮ ಕೇಳಿದಳು. ನೀಲಾಂಬಿಕಾ, "ಇನ್ನೂ ಎರಡು ಬರಬೇಕ್ರಿ ನಮಗ" ಎಂದಳು.

ಶುಕ್ರವಾರ ಸಂಜೆ ಕೊನೆಯ ಕೊಡ ಹೋದ ಮೇಲೆ ವೇಣಿ ಬಂದು ಅಜ್ಜಿಯ ಕೈ ತಿರುಗಿಸಿ ನೋಡಿದಳು. ಕೊಬ್ಬರಿ ಎಣ್ಣೆ ತಂದು ಅಂಗೈಗೆ ಹಚ್ಚಿದಳು.

"ನನಗಾದ್ರೂ ಹೇಳಬಹುದಿತ್ತು ಅಜ್ಜಿ."

"ನಿನ್ನ ಕಿವೀಲಿ ಅದಿರ್ತದಲ್ಲ."

ವೇಣಿ ಕತ್ತಿಗೆ ನೇತುಬಿದ್ದಿದ್ದ ಇಯರ್‌ಫೋನು ಮುಟ್ಟಿಕೊಂಡಳು. ಆಮೇಲೆ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿದಳು.

ಶನಿವಾರ ನೀರು ಬಂತು. ಮುನೀಂದ್ರ ಎರಡು ಬೀಗ ತಂದ. ಒಂದು ಮೀಟರಿನ ಗುಂಡಿಗೆ, ಒಂದು ಸಂಪಿನ ಮುಚ್ಚಳಕ್ಕೆ. ಎರಡಕ್ಕೂ ಒಂದೇ ತರದ ಕೀ. ಒಂದನ್ನು ತನ್ನ ಗೊಂಚಲಿಗೆ ಹಾಕಿಕೊಂಡ, ಇನ್ನೊಂದನ್ನು ಶಶಿಕಲಾಳ ಬ್ಯಾಗಿಗೆ ಹಾಕಿದ. "ಕೂಸು ತೆವಳೋಕೆ ಶುರು ಮಾಡುತ್ತೆ, ಸಂಪಿಗೆ ಬೀಗ ಇದ್ರೆ ಒಳ್ಳೇದು" ಎಂದ. ಸೊಣ್ಣಮ್ಮ ಹೂಂ ಎಂದಳು. ಎರಡು ವಾರ ಅವಳು ಅಂಗಳಕ್ಕೂ ಹೆಚ್ಚು ಬರಲಿಲ್ಲ. ಬಂದರೆ ಬಾಡಿಗೆಯವರು ಫೋನು ನೋಡಿಕೊಂಡು ದಾಟಿ ಹೋಗುತ್ತಿದ್ದರು. ದೇವಸ್ಥಾನಕ್ಕೆ ಎರಡು ದಿನ ಹೋದಳು. ಅಲ್ಲಿ ಕುಳಿತ ಹೆಂಗಸರು ತಮ್ಮ ತಮ್ಮವರ ಜೊತೆ ಬಂದಿದ್ದರು. ಮೂರನೇ ದಿನ ಹೋಗಲಿಲ್ಲ.

ಮೇ ತಿಂಗಳ ಬಿಸಿಲಿಗೆ ಮಹಡಿಯ ಕಪ್ಪು ಟ್ಯಾಂಕುಗಳು ಹಂಚಿನಂತೆ ಕಾದವು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕಾಫಿಗೆ ಆಗುವಷ್ಟು ಬಿಸಿನೀರು. ಕೂಸಿನ ಮೈತುಂಬ ಬೆವರುಸಾಲೆ ಎದ್ದಿತು. ಮಧ್ಯಾಹ್ನ ತಣ್ಣೀರಲ್ಲಿ ಮೈ ಒರೆಸಿ ಎಂದು ಡಾಕ್ಟರು ಹೇಳಿದ್ದರು. ತಣ್ಣೀರು ಇದ್ದದ್ದು ನೆಲದೊಳಗಿನ ಸಂಪಿನಲ್ಲಿ. ಸಂಪಿಗೆ ಬೀಗವಿತ್ತು. ನೀಲಾಂಬಿಕಾ ಶಶಿಕಲಾಳಿಗೆ ಫೋನು ಮಾಡಿದಳು. ಶಶಿಕಲಾ ಆಫೀಸಿನಲ್ಲಿದ್ದಳು. ಮರುದಿನವೂ ಮಾಡಿದಳು. ಮೂರನೇ ದಿನ ಲಾರಿ ಚಾಲಕರಿಬ್ಬರು ಅವಳ ಮೇಜಿನ ಮುಂದೆ ಜಗಳವಾಡುತ್ತಿದ್ದಾಗ ಮಾಡಿದಳು.

ಅಂದು ಸಂಜೆ ಶಶಿಕಲಾ ಬಂದವಳೇ ಬ್ಯಾಗಿನಿಂದ ಕೀ ತೆಗೆದು ಅತ್ತೆಯ ಮುಂದೆ, ಸೋಸುತ್ತಿದ್ದ ಸೊಪ್ಪಿನ ಮೊರದಲ್ಲಿ ಹಾಕಿದಳು.

"ನೀವೇ ಇಟ್ಕೊಳ್ಳಿ ಅತ್ತೆ. ದಿನಾ ಎರಡು ಗಂಟೆಗೆ ಆ ಹುಡುಗಿಗೆ ಒಂದು ಕೊಡ ತಣ್ಣೀರು ಬೇಕಂತೆ. ನನಗೆ ಆಫೀಸಿಂದ ಓಡಿ ಬರೋಕಾಗಲ್ಲ."

"ಮುನೀಂದ್ರುನ್ನ ಕೇಳ್ದಾ?"

"ಅವರಿಗೆ ನಾನು ಹೇಳ್ಕೊತೀನಿ." ಒಳಗೆ ಹೋದವಳು ಬಾಗಿಲಲ್ಲಿ ನಿಂತು, "ಮೀಟರಿಂದೂ ಅದೇ ಕೀ. ಆ ಗುಂಡಿ ಮುಟ್ಟಬೇಡಿ" ಎಂದಳು.

"ಮುಟ್ಟಾಕಿಲ್ಲ."

ಮರುದಿನ ಸೊಣ್ಣಮ್ಮ ಒಂದೂವರೆಗೇ ಸಂಪಿನ ಹತ್ತಿರ ಬಂದು ಕೂತಳು. ಮುಚ್ಚಳ ಎತ್ತಿ, ಬೀಳದಂತೆ ಕಬ್ಬಿಣದ ಪೈಪಿನ ತುಂಡನ್ನು ಆನಿಸಿದಳು. ಎರಡು ಗಂಟೆಗೆ ನೀಲಾಂಬಿಕಾ ಬಂದಳು. ಕೊಡ ಇಟ್ಟು ಸುಮ್ಮನೆ ನಿಂತಳು. ಸೊಣ್ಣಮ್ಮನೂ ಸುಮ್ಮನೆ ಸೇದಿ ತುಂಬಿಸಿದಳು. ಎರಡನೇ ದಿನವೂ ಹಾಗೇ ಆಯಿತು. ಮೂರನೇ ದಿನ ಕೂಸು ಕೈ ಚಾಚಿ ಹಗ್ಗ ಹಿಡಿದುಕೊಂಡಿತು.

"ಬುಡು ಬುಡು, ನೀನೇನು ಸೇದೀಯಾ, ಗೇಣುದ್ದ ಇದೀಯ!"

"ಅಪ್ಪನಂಗರಿ. ಕೆಲಸಕ್ಕ ಮುಂದ, ಮುಗಸಾಕ ಹಿಂದ" ಎಂದಳು ನೀಲಾಂಬಿಕಾ. ಹೇಳಿದ ಮೇಲೆ, ಹೇಳಬಾರದಿತ್ತೇನೋ ಎಂಬಂತೆ ಬಾಯಿ ಮುಚ್ಚಿಕೊಂಡಳು.

ಮೇ ಕೊನೆಯ ವಾರದ ಒಂದು ಮಧ್ಯಾಹ್ನ ಪೀಣ್ಯದ ಶೆಡ್ಡುಗಳ ಮೇಲೆ ಮೋಡ ಕಟ್ಟಿತ್ತು. ಕೂಸಿನ ಬೆನ್ನಿನ ಬೆವರುಸಾಲೆ ಒಣಗುತ್ತಾ ಬಂದಿತ್ತು. ಸೊಣ್ಣಮ್ಮ ಅದನ್ನು ತಿರುಗಿಸಿ ನೋಡಿ, "ಇನ್ನೊಂದು ವಾರ ಒರ್ಸು, ಓಯ್ತದೆ" ಎಂದಳು.

"ಮಳಿ ಹಿಡೀತಂದ್ರ ಟ್ಯಾಂಕಿನ ನೀರೂ ತಣ್ಣಗ ಬರ್ತೈತ್ರಿ. ಆಮ್ಯಾಲ ನಿಮಗ ಈ ತ್ರಾಸು ಇರೂದಿಲ್ಲ."

"ಊಂ. ಬರ್ಲಿ ಮಳೆ" ಎಂದಳು ಸೊಣ್ಣಮ್ಮ.

ಕೊಡ ತುಂಬಿತು. ಅವಳು ಪೈಪಿನ ತುಂಡು ತೆಗೆದು ಮುಚ್ಚಳ ಇಳಿಸಿದಳು. ತುಂಡು ಕೈಜಾರಿ ಕಲ್ಲಿಗೆ ತಾಗಿ ಟಣ್ ಎಂದಿತು. ಸೊಣ್ಣಮ್ಮ ಅಭ್ಯಾಸದಂತೆ ಹಿಂದಿನ ಬಾಗಿಲುಗಳ ಕಡೆ ನೋಡಿದಳು. ಐದು ಮುಚ್ಚಿದ್ದವು. ಆರನೆಯದರೊಳಗೆ ನೀಲಾಂಬಿಕಾ ಹೋಗುತ್ತಿದ್ದಳು. ಸೊಂಟದಲ್ಲಿ ಕೊಡ, ಹೆಗಲ ಮೇಲೆ ಕೂಸು. ಬಾಗಿಲು ಹಾಕಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ.